ವಿವಾಹದ ರದ್ದೂ ವಿಚ್ಛೇದನವೂ

ಮದುವೆ ಮುರಿದ ಮನೆಯ ಹಿರಿಯರು ಕೆಲವು ಸಾರಿ, "ವಿಚ್ಛೇದನ ಬೇಡ, ಮಾನ ಹೋಗುವದು, ಮದುವೆಯನ್ನು ರದ್ದು ಮಾಡಿಸೋಣ" ಎಂದು ಹೇಳುವದುಂಟು. ರದ್ದೆಂಬದು ವಿಚ್ಛೇದನದ ಮರ್ಯಾದೆಯ ಹೆಸರೆಂದು ಅವರ ಎಣಿಕೆ. ಆದರೆ ಇವೆರಡೂ ಬೇರೆ ಬೇರೆ ಸಂಗತಿಗಳು. ಒಂದನ್ನು ಇನ್ನೊಂದೆಂದು ಆಣೆಯಿಟ್ಟು ಹೇಳಿದರೆ ಅದು ಸುಳ್ಳುಸಾಕ್ಷಿಯೇ.

ವಿಚ್ಛೇದನವು ಮದುವೆ ನಿಜವಾಗಿ ಆಯಿತೆಂದು ಒಪ್ಪಿ, ಆ ಮೇಲೆ ನಡೆದ ಹಾದರ, ಕ್ರೂರತನ, ಪರಿತ್ಯಾಗ ಮುಂತಾದವುಗಳನ್ನು ವಿಚಾರಿಸಿ ಕಟ್ಟನ್ನು ಬಿಚ್ಚುತ್ತದೆ. ರದ್ದಾದರೋ ಮದುವೆಯ ದಿನವನ್ನೇ ವಿಚಾರಿಸುತ್ತದೆ. ನಮ್ಮ ದೇಶದ ಕ್ರೈಸ್ತರಿಗೆ ಅನ್ವಯಿಸುವ 1869ನೆಯ ಕಾಯಿದೆಯ 19ನೆಯ ಕಲಮು ಇದರ ಕಾರಣಗಳನ್ನು ಹೇಳುತ್ತದೆ: ಎದುರುಕಕ್ಷಿಯವರು ಮದುವೆಯ ಕಾಲದಲ್ಲಿಯೂ ದಾವೆಯ ಕಾಲದಲ್ಲಿಯೂ ದಾಂಪತ್ಯಕ್ಕೆ ಅಶಕ್ತರಾಗಿರುವದು, ಇಬ್ಬರೂ ನಿಷಿದ್ಧವಾದ ಹತ್ತಿರದ ಸಂಬಂಧಿಕರಾಗಿರುವದು, ಒಬ್ಬರಿಗೆ ಅಂದು ಬುದ್ಧಿ ಸ್ವಾಧೀನವಿಲ್ಲದಿರುವದು, ಮೊದಲಿನ ಗಂಡನಾಗಲಿ ಹೆಂಡತಿಯಾಗಲಿ ಬದುಕಿದ್ದು ಆ ಮದುವೆ ಇನ್ನೂ ನಿಂತಿರುವದು. ಬಲಾತ್ಕಾರದಿಂದಲೋ ಮೋಸದಿಂದಲೋ ಸಮ್ಮತಿ ಪಡೆದಿದ್ದರೂ ಜಿಲ್ಲಾ ನ್ಯಾಯಾಲಯವು ರದ್ದು ಮಾಡಬಹುದು. ಮದುವೆಯ ಮರುವರುಷ ಗಂಡನು ಕುಡುಕನಾದನೆಂಬದು ಇಲ್ಲಿ ಸಲ್ಲದು.

2001ರ ತಿದ್ದುಪಡಿಯ ವರೆಗೆ ಹಾದರವೊಂದರಿಂದಲೇ ಗಂಡನಿಗೆ ವಿಚ್ಛೇದನ ಸಿಕ್ಕುತ್ತಿತ್ತು, ಹೆಂಡತಿಗೆ ಸಿಕ್ಕುತ್ತಿರಲಿಲ್ಲ. ಆಗ ಹೆಂಗಸರು ಬೇರೆ ದಾರಿ ಹುಡುಕಿದ್ದರೆ ನಾವು ಆಶ್ಚರ್ಯಪಡೆವು. ಈಗ ಇಬ್ಬರಿಗೂ ನ್ಯಾಯ ಒಂದೇ; ಪರಸ್ಪರ ಸಮ್ಮತಿಯ ವಿಚ್ಛೇದನವೂ ಉಂಟು.

ಇನ್ನೊಂದು ಮಾತು. ಕಥೋಲಿಕ ಸಭೆಯ ನ್ಯಾಯಪೀಠಗಳು ಮದುವೆಯನ್ನು ಶೂನ್ಯವೆಂದು ಸಾರುವದುಂಟು. ಆ ತೀರ್ಪಿಗೆ ಕಾನೂನಿನ ಬಲವಿರಬೇಕೆಂದು ದಕ್ಷಿಣ ಕನ್ನಡದ ಕಥೋಲಿಕರೊಬ್ಬರು ಮಾಡಿದ ಅರ್ಜಿಯನ್ನು ಸುಪ್ರೀಂ ಕೋರ್ಟು 2017ರಲ್ಲಿ ತಳ್ಳಿಬಿಟ್ಟಿತು. ಹೀಗಿರಲಾಗಿ ನಮ್ಮ ಹಿರಿಯರು ಜಗಲಿಯಲ್ಲಿ ಕೂತು ಬರೆದುಕೊಡುವ ಬಿಡುಗಡೆಯ ಚೀಟಿಗೆ ಬೆಲೆಯೇನು?

ಈಗ ನಮ್ಮ ಮನಸ್ಸನ್ನು ಕಲಕುವ ಸಂಗತಿಗೆ ಬರುವೆವು. ಪರವೂರಲ್ಲಿ ಹೆಂಡತಿಯುಳ್ಳವನು ಅದನ್ನು ಮರೆಮಾಚಿ ಒಬ್ಬ ಹುಡುಗಿಯ ಕೈಹಿಡಿದನೆನ್ನೋಣ. ಹತ್ತು ವರುಷ ಅವಳು ಅವನ ಮನೆಯ ಒಲೆ ಹಚ್ಚಿದಳು, ಮಕ್ಕಳನ್ನು ಹೆತ್ತಳು, ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದಳು. ನ್ಯಾಯಾಲಯವು, ನೀನು ಅವನ ಹೆಂಡತಿಯಾಗಿರಲೇ ಇಲ್ಲ ಎನ್ನುತ್ತದೆ. ಅದು ಸತ್ಯ. ಹಾಗಾದರೆ ಆ ಹತ್ತು ವರುಷ ಏನಾಗಿತ್ತು? ಅವನು ಕೊಟ್ಟ ಮಾತು ಶೂನ್ಯವಾಗಿತ್ತೇ ಹೊರತು ಅವಳ ನಂಬಿಗಸ್ತಿಕೆ ಶೂನ್ಯವಾಗಿರಲಿಲ್ಲವೆಂದು ನಾವು ತಿಳಿಯುತ್ತೇವೆ. ಅವಳನ್ನು ಗಂಡ ಬಿಟ್ಟವಳೆಂದು ಕರೆಯುವವರು ಕಾನೂನಿನಲ್ಲಿಯೂ ತಪ್ಪುತ್ತಾರೆ, ಪ್ರೀತಿಯಲ್ಲಿಯೂ ತಪ್ಪುತ್ತಾರೆ.

ಮಕ್ಕಳ ವಿಷಯದಲ್ಲಿ ಕಾಯಿದೆಯ ಕರುಣೆಗೆ ಮೇರೆಯುಂಟು. ಮೊದಲಿನ ಸಂಗಾತಿಯು ಸತ್ತರೆಂದು ಪೂರ್ಣವಾಗಿ ನಂಬಿ ಸದ್ಭಾವದಿಂದ ಮದುವೆಯಾಗಿದ್ದರೆ, ಇಲ್ಲವೆ ರದ್ದಿಗೆ ಬುದ್ಧಿವೈಕಲ್ಯವು ಕಾರಣವಾಗಿದ್ದರೆ, 21ನೆಯ ಕಲಮಿನಂತೆ ಮಕ್ಕಳ ಹೆಸರುಗಳು ತೀರ್ಪಿನಲ್ಲಿಯೇ ಬರೆಯಲ್ಪಡುವವು. ತಂದೆತಾಯಿಗಳಲ್ಲಿ ಮದುವೆಗೆ ಅರ್ಹರಾಗಿದ್ದವರ ಆಸ್ತಿಗೆ ಆ ಮಕ್ಕಳು ಬಾಧ್ಯರು. ಮೇಲೆ ಹೇಳಿದ ಗಂಡನು ತಿಳಿದೇ ಮೋಸ ಮಾಡಿದವನು; ಆದದರಿಂದ ಅವಳ ಮಕ್ಕಳಿಗೆ ಈ ಆಶ್ರಯವೂ ದೊರೆಯದು. ತಂದೆಯಿಂದ ಜೀವನಾಂಶ ಕೇಳುವ ಹಕ್ಕು ಮಾತ್ರ ಎಳೆಯ ಮಕ್ಕಳಿಗೆ ಉಳಿಯುವದು. ದೀಕ್ಷಾಸ್ನಾನದ ದಿನ ಸಭೆಯ ಪುಸ್ತಕದಲ್ಲಿ ಬರೆದ ಅವರ ಹೆಸರುಗಳನ್ನು ಯಾರೂ ಹೊಡೆದುಹಾಕುವದಿಲ್ಲ.