ಪೆಲೆಟ್ಟಿನ ಆಯ್ಕೆ ಮತ್ತು ಹಿಂಸೆಯ ಹೊಣೆ

ಇಂಗ್ಲೆಂಡಿನಲ್ಲಿ ಬಂದೂಕು ಪರವಾನಗಿಯಿಲ್ಲದೆ ಬಳಸಬಹುದಾದ ಏರ್ ರೈಫಲ್‌ನ ಶಕ್ತಿಗೆ 12 ಅಡಿ-ಪೌಂಡುಗಳ ಮಿತಿಯಿರುವುದರಿಂದ, ಮೊಲದ ಬೇಟೆಗೆ ಎಂತಹ ಪೆಲೆಟ್, ಎಂದರೆ ನಡು ಸಣ್ಣದಾದ ಪುಟ್ಟ ಸೀಸದ ಗುಂಡು, ತಕ್ಕದ್ದೆಂಬ ಪ್ರಶ್ನೆಯು ತಾಂತ್ರಿಕವಾಗಿರುವಷ್ಟೇ ನೈತಿಕವೂ ಆಗಿದೆ. ಚಪ್ಪಟೆ ತಲೆಯ ಪೆಲೆಟ್ ದೂರ ಹೆಚ್ಚಿದಂತೆ ವೇಗವನ್ನೂ ನಿಖರತೆಯನ್ನೂ ಬೇಗ ಕಳೆದುಕೊಳ್ಳುವುದರಿಂದ, ದುಂಡುತಲೆಯದನ್ನು ಆರಿಸಿ, ಮೆದುಳಿಗೇ ಗುರಿಯಿಟ್ಟು, ಪ್ರಾಣಿಯ ನರಳಾಟವನ್ನು ತಪ್ಪಿಸಬೇಕೆಂಬುದು ಹೊಣೆಯರಿತ ಬೇಟೆಗಾರರ ನೀತಿ. ಸುಖದುಃಖಗಳ ಪ್ರಮಾಣವನ್ನೇ ಅಳತೆಗೋಲಾಗಿಸಿಕೊಂಡ, ತತ್ತ್ವಜ್ಞಾನಿ ಬೆಂಥಮ್‌ನ ಉಪಯುಕ್ತತಾವಾದವು ಈ ಎಚ್ಚರವನ್ನು ಮೆಚ್ಚಬಹುದು. ಆದರೆ ಪ್ರಮಾದದಿಂದ, ಎಂದರೆ ರಾಗದ್ವೇಷಗಳಿಗೆ ವಶವಾದ ಅಜಾಗ್ರತೆಯಿಂದ, ಪ್ರಾಣಹರಣ ಮಾಡುವುದನ್ನು ಹಿಂಸೆಯೆಂದು ನಿರೂಪಿಸುವ ಜೈನ ದರ್ಶನದ ಪ್ರಕಾರ ಬೇಟೆಯು ಸಂಕಲ್ಪೀ ಹಿಂಸೆ, ಅಂದರೆ ಕೊಲ್ಲಬೇಕೆಂದೇ ಕೈಗೊಂಡ ಹಿಂಸೆ. ಆದ್ದರಿಂದ ಸರಿಯಾದ ಪೆಲೆಟ್ ನೋವನ್ನು ಕಡಿಮೆ ಮಾಡೀತೇ ಹೊರತು ಕೊಲ್ಲುವ ನಿರ್ಧಾರದ ಹೊಣೆಯನ್ನು ಕಡಿಮೆ ಮಾಡಲಾರದು.