ಛತ್ರದವನ ಕೈಗೆ ಕೊಟ್ಟ ಎರಡು ನಾಣ್ಯಗಳು

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಅವನು ಗಾಯಗಳನ್ನು ಕಟ್ಟಿದ್ದನ್ನು ಸ್ಮರಿಸುತ್ತೇವೆ. ಮರುದಿನ ಛತ್ರದವನ ಕೈಯಲ್ಲಿ ಎರಡು ಬೆಳ್ಳಿಯ ನಾಣ್ಯಗಳನ್ನಿಟ್ಟು ಹೊರಟದ್ದನ್ನು ಮರೆಯುತ್ತೇವೆ. ತಾನು ಹತ್ತಿರವಿಲ್ಲದಾಗಲೂ ಆರೈಕೆ ನಡೆಯಬೇಕೆಂದು ಕೊಟ್ಟ ಹಣವದು.

ಪ್ರಿಯರೇ, ರೋಗಿಯ ಮನೆಗೆ ಗಂಜಿಯನ್ನು ಒಯ್ಯುವದು ನಾವು ಬಲ್ಲ ಧರ್ಮ. ರೋಗವನ್ನು ಕುರಿತು ಶೋಧಿಸುವವರಿಗೆ ಹಣ ಕೊಡುವದೂ ಧರ್ಮವೋ? ಹಸಿದವನ ಅನ್ನವನ್ನು ತೆಗೆದು ಪಂಡಿತರಿಗೆ ಕೊಟ್ಟಂತಾಗದೋ? ಎಂದು ಕೆಲವರು ಕೇಳುವರು. ಐರ್ಲೆಂಡ್ ದ್ವೀಪದ ಉತ್ತರ ಭಾಗದಲ್ಲಿರುವ ಬೆಲ್ಫಾಸ್ಟ್ ಪಟ್ಟಣದಲ್ಲಿ ನಡೆದ ಕಾರ್ಯವನ್ನು ನೋಡಿರಿ.

ಹೃದಯಾಘಾತವಾದವರಲ್ಲಿ ಅನೇಕರು ವೈದ್ಯಶಾಲೆಯನ್ನು ಸೇರುವ ಮೊದಲೇ ಸಾಯುತ್ತಿದ್ದರು. ಕೆಲವರ ಹೃದಯವು ಬಡಿಯುವದನ್ನು ಬಿಟ್ಟು ಬರಿದೇ ನಡುಗುತ್ತದೆ, ರಕ್ತವು ಓಡುವದಿಲ್ಲ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ವಿದ್ಯುತ್ತಿನ ಒಂದು ಹೊಡೆತವು ಆ ನಡುಕವನ್ನು ನಿಲ್ಲಿಸಿ ಬಡಿತವನ್ನು ತಿರಿಗಿ ಕ್ರಮಕ್ಕೆ ತರಬಲ್ಲದು. ಆದರೆ ಅದನ್ನು ಕೊಡುವ ಯಂತ್ರವು ಸಾಮಾನ್ಯವಾಗಿ ವೈದ್ಯಶಾಲೆಯೊಳಗೇ ಇರುತ್ತಿತ್ತು. ರೋಗಿಯು ಯಂತ್ರದ ಬಳಿಗೆ ಬರಲಾರದಿದ್ದರೆ ಯಂತ್ರವೇ ರೋಗಿಯ ಬಳಿಗೆ ಹೋಗಬೇಕೆಂದು, ರಾಯಲ್ ವಿಕ್ಟೋರಿಯಾ ವೈದ್ಯಶಾಲೆಯ ಫ್ರಾಂಕ್ ಪ್ಯಾಂಟ್ರಿಜ್ ಎಂಬ ವೈದ್ಯರು ಸಂಗಡಿಗರೊಡನೆ 1965ರಲ್ಲಿ ಮೋಟಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಯಂತ್ರವನ್ನು ಸಿದ್ಧಪಡಿಸಿ ಆಂಬುಲೆನ್ಸಿನಲ್ಲಿ ಇರಿಸಿದರು. 1961ರಲ್ಲಿ ಹುಟ್ಟಿದ ಬ್ರಿಟಿಷ್ ಹಾರ್ಟ್ ಫೌಂಡೇಶನ್ ಎಂಬ ಧರ್ಮಸಂಸ್ಥೆಯು ಇದಕ್ಕೆ ಸಹಾಯಧನ ಕೊಟ್ಟಿತು. ಇಂದು ಅಂಥ ಯಂತ್ರಗಳು ಕೈಯಲ್ಲಿ ಒಯ್ಯುವಷ್ಟು ಹಗುರವಾಗಿ ಅನೇಕ ದೇಶಗಳ ಸಾರ್ವಜನಿಕ ಸ್ಥಳಗಳಲ್ಲಿವೆ.

ಅದೇ ನಾಡಿನಲ್ಲಿ ನಾರ್ದರ್ನ್ ಐರ್ಲೆಂಡ್ ಚೆಸ್ಟ್ ಹಾರ್ಟ್ ಅಂಡ್ ಸ್ಟ್ರೋಕ್ ಎಂಬ ಇನ್ನೊಂದು ಧರ್ಮಸಂಸ್ಥೆಯುಂಟು. 1946ರಲ್ಲಿ ಕ್ಷಯರೋಗವನ್ನು ಎದುರಿಸಲು ಹುಟ್ಟಿದ ಅದು ಈಗ ಜನರ ಕಾಣಿಕೆಗಳಿಂದ ಹೃದ್ರೋಗಿಗಳನ್ನೂ ಪಾರ್ಶ್ವವಾಯು ಬಡಿದವರನ್ನೂ ಆದರಿಸುತ್ತದೆ. ಆ ಸೀಮೆಯಲ್ಲೇ ನಡೆಯುವ ಪರಿಶೋಧನೆಗೂ ಹಣ ಕೊಡುತ್ತದೆ. ಒಂದು ಕೈ ಗಾಯವನ್ನು ಕಟ್ಟುತ್ತದೆ. ಇನ್ನೊಂದು ಕೈ ನಾಳೆ ಬೀಳುವವನಿಗೋಸ್ಕರ ದಾರಿಯನ್ನು ಹುಡುಕುತ್ತದೆ. ಇವೆರಡೂ ಒಂದೇ ಪ್ರೀತಿಯ ಕೈಗಳಲ್ಲವೇ?

ಬಿತ್ತಿದ ಬೀಜವೆಲ್ಲಾ ಫಲಿಸುವದಿಲ್ಲ, ಶೋಧನೆಯೂ ಹಾಗೆಯೇ. ಆದರೂ ಒಕ್ಕಲಿಗನು ಬಿತ್ತುವದನ್ನು ಬಿಡುವನೋ? ಸಮಾರ್ಯದವನು ತಿರಿಗಿ ಬಂದು ಉಳಿದ ವೆಚ್ಚವನ್ನು ತೀರಿಸುವೆನೆಂದನು. ಆದಕಾರಣ ಕೊಟ್ಟ ಕಾಸಿನ ಲೆಕ್ಕವನ್ನು ಕೇಳುವದು ಅವಿಶ್ವಾಸವಲ್ಲ. ನೆರೆಮನೆಯ ರೋಗಿಯನ್ನು ಮರೆಯದೆ, ಲೆಕ್ಕವನ್ನು ನೋಡಿ, ಸಂತೋಷದಿಂದ ಕೊಡೋಣ. ನಮ್ಮ ಕಾಸಿನಿಂದ ಬದುಕುವವನ ಮುಖವನ್ನು ನಾವು ಕಾಣಲಿಕ್ಕಿಲ್ಲ. ಕರ್ತನು ಅವನನ್ನು ಬಲ್ಲನು. ಆಮೆನ್.