ಇಲ್ಲದ ವಸ್ತುವನ್ನು ತೋರಿಸುವುದು

ವಿನ್ಯಾಸ ಶಾಲೆಗಳಲ್ಲಿ ಸೆಮಿಸ್ಟರ್ ಮುಗಿಯುತ್ತ ಬಂದಂತೆ ಒಂದು ಮಾತು ಎಲ್ಲ ಕಡೆ ಕೇಳಿಸುತ್ತದೆ: ‘ಕಾನ್ಸೆಪ್ಟ್ ಮುಗೀತು, ಇನ್ನು ಪ್ರೆಸೆಂಟೇಶನ್ ಒಂದು ಬಾಕಿ.’ ಕುರ್ಚಿ ಮಾಡಿದವರು ಹೀಗೆಂದರೆ ಒಪ್ಪಬಹುದು. ಕುರ್ಚಿ ಹೇಗಿದೆಯೆಂದು ಕೂತು ನೋಡಿದರೆ ತಿಳಿಯುತ್ತದೆ. ಪೋಸ್ಟರ್ ಸೊಟ್ಟಗಿದ್ದರೂ ಕುರ್ಚಿಗೆ ನಷ್ಟವಿಲ್ಲ. ಆದರೆ ಸ್ಪೆಕ್ಯುಲೇಟಿವ್ ಡಿಸೈನ್, ಅಂದರೆ ಇನ್ನೂ ಇಲ್ಲದ, ಬಹುಶಃ ಎಂದೂ ಬಾರದ ವಸ್ತುವೊಂದನ್ನು ಮಾಡಿ ತೋರಿಸಿ ಅಂಥ ಲೋಕ ನಮಗೆ ಬೇಕೇ ಎಂದು ಕೇಳುವ ಊಹಾವಿನ್ಯಾಸ, ಈ ವಿಂಗಡಣೆಯನ್ನು ತಾಳುವುದಿಲ್ಲ. ಎದುರಿಗೆ ನಿಂತವರ ಮನಸ್ಸಿನಲ್ಲಿ ಏಳುವ ತಕರಾರೇ ಅದರ ಉಪಯೋಗ. ಹಾಗಾಗಿ ಕೊನೆಯ ಪ್ರದರ್ಶನಕ್ಕೆ ಅಣಿಯಾಗುವಾಗಲೇ ಇಂಥ ಪ್ರಾಜೆಕ್ಟಿನ ನಿಜವಾದ ಯೋಚನೆ ನಡೆಯುತ್ತದೆ ಎಂಬುದು ನನ್ನ ವಾದ.

ಉದಾಹರಣೆಗೆ, ವಿನ್ಯಾಸಕರಾದ ಜೇಮ್ಸ್ ಆಗರ್ ಮತ್ತು ಜಿಮ್ಮಿ ಲೊಯ್ಜೊ 2001ರಲ್ಲಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದಾಗ, ಹಲ್ಲಿನೊಳಗೆ ಕೂರಿಸುವ ಫೋನೊಂದನ್ನು ಕಲ್ಪಿಸಿದರು. ಕರೆ ಬಂದರೆ ಹಲ್ಲು ಕಂಪಿಸಬೇಕು, ಆ ಕಂಪನ ಮೂಳೆಯ ಮೂಲಕ ಸಾಗಿ ಒಳಗಿವಿಯಲ್ಲಿ ಮಾತಾಗಬೇಕು, ಪಕ್ಕದಲ್ಲಿ ನಿಂತವರಿಗೆ ಏನೂ ಗೊತ್ತಾಗಬಾರದು. ಅವರು ಮಾಡಿದ್ದು ಪಾರದರ್ಶಕ ರಾಳದ ಒಂದು ಹಲ್ಲು, ಒಳಗೊಂದು ಚಿಪ್. ಅದಕ್ಕೆ ಯಾವ ಕರೆಯೂ ಬರುತ್ತಿರಲಿಲ್ಲ. ಆದರೂ ಪತ್ರಿಕೆಗಳು ನಂಬಿದವು. ಟೈಮ್ ಪತ್ರಿಕೆ 2002ರ ಆವಿಷ್ಕಾರಗಳ ಸಾಲಿನಲ್ಲಿ ಅದನ್ನೂ ಸೇರಿಸಿತು. ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು, ಕ್ಯಾಪ್ ಹಾಕಿಸಿಕೊಂಡು ಅಭ್ಯಾಸವಾದವರಿಗೆ ಬಾಯೊಳಗೆ ಇನ್ನೊಂದು ವಸ್ತು ಅಷ್ಟೇನೂ ದೂರದ ಮಾತಲ್ಲ. ತಂತ್ರಜ್ಞಾನದ ವಿವರಣೆಗಿಂತ ಈ ಹಳೆಯ ಪರಿಚಯವೇ ಜನರನ್ನು ನಂಬಿಸಿರಬೇಕು.

ಇದು ವಂಚನೆಯೇ? ನನ್ನ ಅಳತೆಗೋಲು ಬೇರೆ: ನಂಬಿದ ಮೇಲೆ ನೋಡುಗ ಎಲ್ಲಿಗೆ ಹೋದ? ‘ಅಂಗಡಿಗೆ ಯಾವಾಗ ಬರುತ್ತೆ’ ಎಂಬಲ್ಲಿಗೆ ಹೋದರೆ ವಸ್ತು ಗೆದ್ದಿತು, ಪ್ರಶ್ನೆ ಸೋತಿತು. ‘ಇಂಟರ್‌ವ್ಯೂಗೆ ಕೂತ ಹುಡುಗನ ಹಲ್ಲಿನಲ್ಲಿ ಯಾರು ಮಾತಾಡುತ್ತಿದ್ದಾರೆ’ ಎಂಬಲ್ಲಿಗೆ ಹೋದರೆ ಸುಳ್ಳು ಹೇಳಿದ್ದಕ್ಕೂ ಸಾರ್ಥಕ.

ಇದೇ ಜೋಡಿಯ ‘ಆಫ್ಟರ್‌ಲೈಫ್’ ಇನ್ನೂ ಹೆಚ್ಚು ಕಲಿಸುತ್ತದೆ. ಅದರ ಕಲ್ಪನೆ ಇದು: ಸತ್ತವರ ಹೊಟ್ಟೆಯ ಆಮ್ಲದಿಂದ ಸೂಕ್ಷ್ಮಜೀವಿಗಳ ಇಂಧನಕೋಶವೊಂದು ವಿದ್ಯುತ್ ತೆಗೆದು ಸಣ್ಣ ಬ್ಯಾಟರಿಯನ್ನು ಚಾರ್ಜ್ ಮಾಡುತ್ತದೆ. ಪರಲೋಕದಲ್ಲಿ ನಂಬಿಕೆಯಿಲ್ಲದ ಮನೆಯವರಿಗೂ ಹೋದವರದೊಂದು ಕುರುಹು ಕೈಯಲ್ಲಿ ಉಳಿಯುತ್ತದೆ. ಮೊದಲು ತೋರಿಸಿದಾಗ ನೋಡುಗರು ಶವದ ಹತ್ತಿರವೇ ನಿಂತುಬಿಟ್ಟರು, ಹೇಸಿಗೆ ಉಳಿದ ಮಾತನ್ನೆಲ್ಲ ನುಂಗಿತು. ಆಮೇಲೆ ಅವರು ಕಲ್ಪನೆಯನ್ನು ಬದಲಿಸಲಿಲ್ಲ, ತೋರಿಸುವ ಬಗೆಯನ್ನು ಬದಲಿಸಿದರು. ಇಂಥ ಬ್ಯಾಟರಿ ಸಿಕ್ಕರೆ ಯಾವುದಕ್ಕೆ ಹಾಕುತ್ತೀರಿ ಎಂದು ಹಲವರನ್ನು ಕೇಳಿ, ಆ ಉತ್ತರಗಳನ್ನು ಮುಂದಿಟ್ಟರು. ಈಗ ಯೋಚಿಸಿ: ಅಪ್ಪನ ಬ್ಯಾಟರಿಯನ್ನು ಟಿ.ವಿ. ರಿಮೋಟಿಗೆ ಹಾಕಬಹುದೇ? ಬಳಸಿ ಮುಗಿಸಿಬಿಡುವುದೇ, ಮುಟ್ಟದೆ ಎತ್ತಿಡುವುದೇ? ಅಣ್ಣ ತಮ್ಮಂದಿರಲ್ಲಿ ಅದು ಯಾರ ಪಾಲಿಗೆ? ತಿಥಿ ಯಾರ ಮನೆಯಲ್ಲಿ ಆಗಬೇಕೆಂದು ಇವತ್ತಿಗೂ ಜಗಳವಾಡುವ ನಮ್ಮಲ್ಲಿ ಈ ಚರ್ಚೆ ರಾತ್ರಿಯಿಡೀ ನಡೆದೀತು. ವಸ್ತು ಅದೇ, ವಿಜ್ಞಾನ ಅದೇ. ಮುಂದೆ ಏನನ್ನಿಟ್ಟರು ಎಂಬುದರಿಂದ ಪ್ರಾಜೆಕ್ಟಿನ ಅರ್ಥವೇ ಬೇರೆಯಾಯಿತು.

ಹಾಗಿದ್ದರೆ ತಯಾರಿಯ ಬಹುಪಾಲು ತೆಗೆದುಹಾಕುವ ಕೆಲಸ. ವಿದ್ಯಾರ್ಥಿಗಳ ಸ್ಲೈಡುಗಳು ಹೆಚ್ಚಾಗಿ ಶಂಕುವಿನ ಚಿತ್ರವೊಂದರಿಂದ ಶುರುವಾಗುತ್ತವೆ; ಇಂದಿನಿಂದ ಹೊರಟು ಅಗಲವಾಗುತ್ತ ಹೋಗುವ ಸಾಧ್ಯ, ಸಂಭವನೀಯ, ಅಪೇಕ್ಷಿತ ಭವಿಷ್ಯಗಳು ಅದರಲ್ಲಿರುತ್ತವೆ. ಆಂಥೋನಿ ಡನ್ ಮತ್ತು ಫಿಯೋನಾ ರಾಬಿ 2013ರ ‘ಸ್ಪೆಕ್ಯುಲೇಟಿವ್ ಎವರಿಥಿಂಗ್’ ಪುಸ್ತಕದಲ್ಲಿ ಅದನ್ನು ಬಳಸಿದ ಮೇಲೆ ಅದು ಗಣಪತಿ ಪೂಜೆಯ ಹಾಗಾಗಿದೆ, ಮಾಡದೆ ಮುಂದೆ ಹೋಗಲು ಭಯ. ಮೊದಲು ತೆಗೆಯಬೇಕಾದದ್ದು ಅದನ್ನೇ. ಹಿನ್ನೆಲೆ ಹೇಳಲೇಬೇಕಿದ್ದರೆ ವಸ್ತುಗಳ ಕೈಯಲ್ಲಿ ಹೇಳಿಸಬಹುದು. ಜಾನ್ ಆರ್ಡರ್ನ್ ಮತ್ತು ಅಹಮದಾಬಾದಿನ ಎನ್‌ಐಡಿಯಲ್ಲಿ ಓದಿದ ಅನಬ್ ಜೈನ್ ನಡೆಸುವ ವಿನ್ಯಾಸ ಸ್ಟುಡಿಯೊ ಸೂಪರ್‌ಫ್ಲಕ್ಸ್, 2017ರಲ್ಲಿ ಬಾರ್ಸಿಲೋನಾದ ಪ್ರದರ್ಶನವೊಂದಕ್ಕೆ 2050ರ ಲಂಡನ್ನಿನ ಫ್ಲ್ಯಾಟನ್ನೇ ಕಟ್ಟಿತು. ಹವಾಮಾನ ಕೆಟ್ಟು ಆಹಾರ ಸರಿಯಾಗಿ ಸಿಗದ ಕಾಲವದು ಎಂಬುದನ್ನು ಮನೆಯೊಳಗೆ ಕೃತಕ ಬೆಳಕಿನಲ್ಲಿ ಬೆಳೆಯುತ್ತಿದ್ದ ಗಿಡಗಳೇ ಹೇಳುತ್ತಿದ್ದವು.

ಇಲ್ಲೊಂದು ತೊಡಕಿದೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಜನ ನೋಡುವ ಊಹಾವಿನ್ಯಾಸ ಬಿಲ್ಡರುಗಳ ಹೋರ್ಡಿಂಗಿನದು. ಕಟ್ಟಡ ಇನ್ನೂ ಪಾಯದಲ್ಲಿದೆ, ಚಿತ್ರದಲ್ಲಿ ಆಗಲೇ ಈಜುಕೊಳದ ಪಕ್ಕ ಮಗು ಓಡುತ್ತಿದೆ. ವಿದ್ಯಾರ್ಥಿಯೂ ಹೆಚ್ಚುಕಡಿಮೆ ಅಂಥದೇ ಸಾಫ್ಟ್‌ವೇರ್, ಅದೇ ಸಂಜೆಯ ಹೊಂಬೆಳಕು, ಅದೇ ನಗುಮುಖಗಳನ್ನು ಬಳಸುತ್ತಾನೆ. ಕೊನೆಯ ವಾರದಲ್ಲಿ ರೆಂಡರ್ ನುಣುಪಾದಷ್ಟೂ ಪ್ರಾಜೆಕ್ಟ್ ಜಾಹೀರಾತಿನ ಕಡೆಗೆ ಜಾರುತ್ತದೆ. ಹೋರ್ಡಿಂಗು ನೀರಿನ ಟ್ಯಾಂಕರನ್ನು ಎಂದೂ ತೋರಿಸುವುದಿಲ್ಲ. ವಿದ್ಯಾರ್ಥಿಯ ಚಿತ್ರದೊಳಗೆ ಟ್ಯಾಂಕರೂ ಬರಬೇಕು, ಅದರ ಬಿಲ್ಲೂ ಬರಬೇಕು, ಬಿಲ್ಲು ಕಟ್ಟಲಾಗದೆ ಕೊಡ ಹಿಡಿದು ನಿಂತವರೂ ಬರಬೇಕು.

ಇವೆಲ್ಲ ಚಿತ್ರದೊಳಗೆ ಬಂದ ಮೇಲೂ ಅದು ಯಾರ ಭವಿಷ್ಯ ಎಂಬ ಪ್ರಶ್ನೆ ಉಳಿಯುತ್ತದೆ. ಮೈಕಲ್ ಬರ್ಟನ್ ಮತ್ತು ಮಿಚಿಕೊ ನಿಟ್ಟಾ ಅವರ ‘ರಿಪಬ್ಲಿಕ್ ಆಫ್ ಸಾಲಿವೇಶನ್’, ಆಹಾರದ ಕೊರತೆಯಿಂದಾಗಿ ಸರ್ಕಾರ ಕೆಲಸಕ್ಕೆ ತಕ್ಕಂತೆ ಪಡಿತರ ಅಳೆದುಕೊಡುವ ಲೋಕವನ್ನು ಕಲ್ಪಿಸಿತು. ನೀವು ಮುಂದೆ ಬರಬಹುದೆಂದು ಹೆದರುವ ಸ್ಥಿತಿಯಲ್ಲಿ ಕೋಟ್ಯಂತರ ಜನ ಈಗಾಗಲೇ ಬದುಕಿದ್ದಾರಲ್ಲ ಎಂಬ ಆಕ್ಷೇಪ ಅದರ ಮೇಲೆ ಬಂತು. ಬ್ರೆಜಿಲ್ ಮೂಲದ ವಿನ್ಯಾಸ ಸಂಶೋಧಕರಾದ ಪೆಡ್ರೊ ಒಲಿವೆರಾ, ಲೂಯಿಜಾ ಪ್ರಾಡೊ ಈ ಇಡೀ ಕ್ಷೇತ್ರದ ಸುಖವಂತಿಕೆಯನ್ನೇ ಪ್ರಶ್ನಿಸಿದರು. ಅವರ ಮಾತು ನಮಗೆ ಚೆನ್ನಾಗಿ ತಟ್ಟಬೇಕು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿದ್ದನ್ನು ಕಂಡ ಮೇಲೂ ‘2050: ನೀರಿಗೆ ರೇಷನ್’ ಎಂದು ಸ್ಲೈಡ್ ಹಾಕುವವರು, ಜ್ಯೂರಿಗೆ ಮುಂಚೆ ಅದನ್ನೊಮ್ಮೆ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವವರಿಗೆ ತೋರಿಸಲಿ. ‘ಇದ್ರಲ್ಲಿ ಹೊಸದೇನಿದೆಯಮ್ಮಾ?’ ಎಂದು ಅವರು ಕೇಳಿದರೆ ಇಸವಿಯನ್ನು ಅಳಿಸಿ ಮತ್ತೆ ಕೂರಬೇಕಾಗುತ್ತದೆ. ಗೈಡ್ ಕೊಡುವ ಫೀಡ್‌ಬ್ಯಾಕಿಗಿಂತ ಇದು ಕಟುವಾದ ಪರೀಕ್ಷೆ.

ಇದೆಲ್ಲ ಸರಿ, ಅಂಕ ಕೊಡುವವರು ಫಿನಿಶಿಂಗ್ ನೋಡುತ್ತಾರಲ್ಲ ಎನ್ನಬಹುದು. ನೋಡಲಿ, ನೋಡಲೇಬೇಕು. ಫೋಮ್ ಬೋರ್ಡಿನ ಅಂಚಿನಲ್ಲಿ ಗೋಂದು ಕಂಡರೆ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ, ನಂಬಿಕೆ ಹುಟ್ಟುವುದೇ ಇಲ್ಲ. ಹಾಗೆಂದು ನಲವತ್ತು ಸ್ಲೈಡುಗಳಿಗೆ ಮೆರುಗು ಕೊಡಬೇಕಿಲ್ಲ. ಕೈಗೆತ್ತಿಕೊಂಡು ನೋಡಬಹುದಾದ ಒಂದು ವಸ್ತು ಚೊಕ್ಕಟವಾಗಿದ್ದರೆ ಸಾಕು. ಆಗಲೂ ಜ್ಯೂರಿಯಲ್ಲಿ ಒಬ್ಬರು ‘ಇದು ನಿಜವಾಗಿ ಕೆಲಸ ಮಾಡುತ್ತಾ?’ ಎಂದು ಕೇಳಿಯೇ ಕೇಳುತ್ತಾರೆ. ವಿದ್ಯಾರ್ಥಿ ತಡವರಿಸಿ ಸಮಜಾಯಿಷಿ ಕೊಡಲು ಹೊರಟರೆ ಪ್ರಾಜೆಕ್ಟ್ ಅಲ್ಲಿಗೆ ಮುಗಿಯಿತು. ‘ಇಲ್ಲ ಸರ್. ಮಾಡಿದರೆ ನಿಮ್ಮ ಮಗಳಿಗೆ ಹಾಕಿಸುತ್ತೀರಾ?’ ಎಂದು ತಿರುಗಿ ಕೇಳಲು ತಯಾರಾಗಿರಬೇಕು. ಅದನ್ನು ಉದ್ಧಟತನವೆಂದು ತಿಳಿದು ಅಂಕ ಕಡಿಯುವವರು ಇದ್ದೇ ಇರುತ್ತಾರೆ. ಆ ಅಪಾಯವನ್ನು ವಿದ್ಯಾರ್ಥಿಯೊಬ್ಬನ ತಲೆಗೆ ಕಟ್ಟುವ ಬದಲು, ಮೌಲ್ಯಮಾಪನದ ಫಾರ್ಮಿನಲ್ಲೇ ಪ್ರಾಜೆಕ್ಟು ಕೇಳುವ ಪ್ರಶ್ನೆಗೆ ಜ್ಯೂರಿ ಉತ್ತರ ಬರೆಯಬೇಕಾದ ಒಂದು ಕಾಲಂ ಇಡುವುದು ಕಾಲೇಜುಗಳಿಗೆ ಕಷ್ಟವೇನಲ್ಲ.